ಮೆಣಸಿನಕಾಯಿ ಹೊತ್ತ ಅನ್ನದ ಬುಟ್ಟಿ

ನಾನು ಒಂದು ಬಿದಿರಿನ ಬುಟ್ಟಿ. ಧಾರವಾಡದ ಈ ಅಡುಗೆಮನೆಯ ಹಲಗೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿ ಹೊತ್ತು ಕೂತಿದ್ದೇನೆ. ಇಲ್ಲಿಯದೇ ಬುಟ್ಟಿ ಎಂದುಕೊಳ್ಳಬೇಡಿ. ನನ್ನ ತವರು ಲಾವೋಸ್ ದೇಶದ ಲುವಾಂಗ್ ಪ್ರಬಾಂಗ್, ಮೆಕಾಂಗ್ ನದಿಯ ದಂಡೆಯ ಹಳೆಯ ರಾಜಧಾನಿ. ಅಲ್ಲಿ ಅಂಟಕ್ಕಿಯನ್ನು ಹಬೆಯಲ್ಲಿ ಬೇಯಿಸಿ ನನ್ನಂಥ ಮುಚ್ಚಳದ ಬುಟ್ಟಿಯಲ್ಲಿಡುತ್ತಾರೆ. ಉಂಡ ಮೇಲೆ ಮುಚ್ಚಳ ಹಾಕದಿದ್ದರೆ ಮನೆ ಒಡೆಯುತ್ತದೆ ಎಂದು ಅಲ್ಲಿಯ ಹಿರಿಯರು ಗದರುತ್ತಾರೆ.

ನನ್ನನ್ನು ಹೆಣೆದವನು ಬುನ್‌ಮಿ ಎಂಬ ಹುಡುಗ. ಮೊದಲ ಸಲ ಬಿದಿರು ಹಿಡಿದವನು, ಹಾಗಾಗಿ ನನ್ನ ಸೊಂಟ ಒಂದು ಕಡೆಗೆ ಸೊಟ್ಟ. ಅವನ ತಾಯಿ ಚಾನ್‌ಪೆಂಗ್ ನನ್ನನ್ನು ನೋಡಿ ನಕ್ಕಳು.

"ನಿನ್ನ ಹಾಗೆಯೇ ಇದೆಯಲ್ಲೋ, ನೆಟ್ಟಗೆ ನಿಲ್ಲಲು ಬಾರದು" ಎಂದಳು. ಆದರೆ ಅಂದಿನಿಂದ ಬೇರೆ ಬುಟ್ಟಿ ಮುಟ್ಟಲಿಲ್ಲ.

ಮುಂದಿನ ಮಳೆಗಾಲದಲ್ಲಿ ಮೀನು ಹಿಡಿಯಲು ಹೋದ ಬುನ್‌ಮಿಯನ್ನು ನದಿ ನುಂಗಿತು. ಹೆಣವೂ ಸಿಗಲಿಲ್ಲ.

ನಮ್ಮೂರಿನಲ್ಲಿ ಬೆಳಗಾಗುವ ಮುನ್ನ ಕಾವಿ ತೊಟ್ಟ ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬರುತ್ತಾರೆ. ಹೆಂಗಸರು ಮೊಣಕಾಲೂರಿ ಒಬ್ಬೊಬ್ಬರ ಪಾತ್ರೆಗೂ ಒಂದೊಂದು ತುತ್ತು ಹಾಕುತ್ತಾರೆ. ಯಾರೂ ಮಾತಾಡುವಂತಿಲ್ಲ. ಚಾನ್‌ಪೆಂಗ್ ನನ್ನೊಳಗಿನ ಅನ್ನವನ್ನೆಲ್ಲ ಹಾಗೆ ಹಾಕಿ, ಮರದ ಬುಡಕ್ಕೆ ನೀರು ಬಿಟ್ಟು ಮಗನ ಹೆಸರು ಹೇಳುತ್ತಿದ್ದಳು. ನೀವು ಸತ್ತವರಿಗೆ ಎಳ್ಳುನೀರು ಬಿಡುವುದಿಲ್ಲವೇ, ಹಾಗೆಯೇ. ಪಕ್ಕದ ಮನೆಯವಳು ಒಮ್ಮೆ ಹೊಸ ಬುಟ್ಟಿ ಕೊಡಲು ಬಂದಾಗ ಚಾನ್‌ಪೆಂಗ್ ಬೇಡವೆಂದಳು.

"ಅವನು ಕಂಡವರ ಮನೆಯಲ್ಲಿ ಉಣ್ಣುವವನಲ್ಲ. ಈ ಸೊಟ್ಟ ಬುಟ್ಟಿಯದಾದರೆ ಅಮ್ಮನ ಅನ್ನವೆಂದು ಗುರುತು ಹಿಡಿಯುತ್ತಾನೆ."

ಕಾಲ ಕಳೆಯಿತು. ಊರು ನೋಡಲು ಜಗತ್ತೆಲ್ಲ ಬರತೊಡಗಿತು. ನದಿಗೆ ಮುಖ ಮಾಡಿದ ಅವಳ ಮನೆ ಬೇರೆಯವರ ಕೈಸೇರಿ ಅತಿಥಿಗೃಹವಾಯಿತು, ಮನೆಯೊಡತಿ ಅದೇ ಮನೆಯಲ್ಲಿ ಅಡುಗೆಯವಳಾದಳು. ಆದರೂ ಬೆಳಗಿನ ಅನ್ನ ಮಾತ್ರ ತಪ್ಪಿಸಲಿಲ್ಲ.

ಆಗ ಬಂದವರು ಧಾರವಾಡದ ವತ್ಸಲಾ ಮತ್ತು ಅವಳ ಗಂಡ ಶ್ರೀಪಾದ. ಶ್ರೀಪಾದನ ತಾಯಿಯನ್ನು ಅವನ ತಂಗಿಯ ಮನೆಯಲ್ಲಿ ಬಿಟ್ಟು, ನಾಲ್ಕು ದಿನ ಆರಾಮಾಗಿ ಇದ್ದು ಹೋಗಲು ಬಂದಿದ್ದರು. ಕೆಟ್ಟವರಲ್ಲ. ದೋಣಿಯಲ್ಲಿ ತೂಕಡಿಸಿದರು, ಕಾಲು ಒತ್ತಿಸಿಕೊಂಡರು, ಜಗಲಿಯಲ್ಲಿ ಕೂತು ಚಟ್ನಿಪುಡಿ ಅವಲಕ್ಕಿ ತಿನ್ನುತ್ತ ಸೂರ್ಯ ಮುಳುಗುವುದನ್ನು ನೋಡಿದರು. ಕೊನೆಯ ದಿನ ವತ್ಸಲಾಗೆ ಭಿಕ್ಷೆ ಹಾಕುವ ಆಸೆಯಾಯಿತು. ಅತಿಥಿಗಳಿಗೆಂದು ಇಟ್ಟಿದ್ದ ಬುಟ್ಟಿಗಳಲ್ಲಿ ಒಂದು ಕಡಿಮೆ ಬಿತ್ತು. ಮ್ಯಾನೇಜರ್ ಚಾನ್‌ಪೆಂಗಳ ಕೈಯಿಂದ ನನ್ನನ್ನು ತೆಗೆದುಕೊಂಡ.

"ಇವತ್ತೊಂದು ದಿನ, ಅಮ್ಮಾ. ಈಗಲೇ ವಾಪಸು ಬರುತ್ತದೆ."

ಅವಳು ಇಲ್ಲವೆನ್ನಲಿಲ್ಲ. ತನ್ನ ಮನೆಯಲ್ಲೇ ಕೂಲಿಯಾಗಿರುವವಳು ಏನೆಂದಾಳು? ಮಗನ ಅನ್ನ ಹೋಗುವುದನ್ನು ನೋಡುತ್ತ ವತ್ಸಲಾಳ ಹಿಂದೆ ಬಂದು ನಿಂತಳು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ವತ್ಸಲಾ ಅನ್ನ ಹಾಕಿದಳು, ಶ್ರೀಪಾದ ಫೋಟೊ ತೆಗೆದ. "ಕಣ್ಣ ಮುಚ್ಚೀದಿ, ಇನ್ನೊಮ್ಮೆ ಹಾಕು" ಎಂದ. ಅವಳು ಇನ್ನೊಬ್ಬ ಭಿಕ್ಷುವಿಗೆ ಹಲ್ಲು ತೋರಿಸಿ ಹಾಕಿದಳು. ಎಲ್ಲ ಮುಗಿದ ಮೇಲೆ ನೀರು ಬಿಡುವವರಿರಲಿಲ್ಲ. ಆ ಅನ್ನ ಯಾರ ಹೆಸರಿಗೂ ಸಲ್ಲಲಿಲ್ಲ.

ಕೋಣೆಗೆ ಬಂದವಳೇ ನನ್ನನ್ನು ಸೀರೆಯಲ್ಲಿ ಸುತ್ತತೊಡಗಿದಳು. ಅವರ ಮಾತು ಅಂದು ನನಗೆ ಬರೀ ಸದ್ದು. ಈ ಅಡುಗೆಮನೆಯಲ್ಲಿ ಭಾಷೆ ಕಲಿತ ಮೇಲೆ ಅದರ ಅರ್ಥ ತಿಳಿಯಿತು.

"ವತ್ಸಲಾ, ಇದು ಅವರದಲ್ಲೇನು?"

"ಅಯ್ಯ, ರೂಮಿನ ಜೋಡಿ ಬರ್ತದರೀ ಅದು. ಸಾಬಾಣ, ಶಾಂಪೂ ಇಟ್ಟಿರ್ತಾರಲ್ಲ, ಹಂಗ. ದಾನಾ ಮಾಡಿದ ಬುಟ್ಟಿ, ಬಿಟ್ಟು ಹೋದ್ರ ಪುಣ್ಯಾನೂ ಇಲ್ಲೇ ಉಳೀತದ."

ಮೆಟ್ಟಿಲಿಳಿಸಲು ನಾನಿದ್ದ ಪೆಟ್ಟಿಗೆ ಹೊತ್ತವಳು ಚಾನ್‌ಪೆಂಗ್. ಅವಳ ಏದುಸಿರು ನನಗೆ ಕೇಳುತ್ತಿತ್ತು. ಅತಿಥಿಗಳು ಹೋದ ಮೇಲೆ ಕೋಣೆಗೆ ಹೋಗಿ ನನ್ನನ್ನು ತೆಗೆದುಕೊಂಡರಾಯಿತು ಎಂದಿದ್ದಳೋ ಏನೋ. ತನ್ನ ಹೆಗಲ ಮೇಲೆಯೇ ನನ್ನನ್ನು ಕಳಿಸುತ್ತಿದ್ದೇನೆಂದು ಅವಳಿಗೆ ಹೇಗೆ ತಿಳಿಯಬೇಕು? ನನಗೆ ಬಾಯಿಲ್ಲ. ಇದ್ದಿದ್ದರೆ ಕಿರುಚಿ ಊರನ್ನೇ ಎಬ್ಬಿಸುತ್ತಿದ್ದೆ. ವತ್ಸಲಾ ಅವಳ ಕೈಗೆ ಉಳಿದ ಪೇಡೆಯ ಪೊಟ್ಟಣ ಇಟ್ಟಳಂತೆ. ಅದನ್ನು ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ.

ಇಲ್ಲಿ ನನಗೆ ಮೆಣಸಿನಕಾಯಿ ತುಂಬಿದರು. ಮುಚ್ಚಳ ಪಡಸಾಲೆಗೆ ಹೋಯಿತು, ಸ್ಕೂಟರಿನ ಕೀಲಿಕೈ ಇಡಲು. ಅದನ್ನು ನಾನು ಮತ್ತೆ ಕಂಡಿಲ್ಲ. ಭಿಕ್ಷೆ ಹಾಕುವ ಫೋಟೊಗೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದರು. ಬಾಗಿಲು ತೆರೆದಿದ್ದರೆ ಅದು ನನಗೆ ಕಾಣುತ್ತದೆ.

ಅವರು ಮರಳಿದ ವರ್ಷದ ಮಳೆಗಾಲದಲ್ಲಿ ಶ್ರೀಪಾದನ ತಾಯಿ ತೀರಿಕೊಂಡಳು. ಮೊನ್ನೆ ವರ್ಷದ ತಿಥಿ. ಪುಣ್ಯದ ಬುಟ್ಟಿಯೆಂದು ವತ್ಸಲಾ ನನ್ನನ್ನು ಒರೆಸಿ, ಪಿಂಡದ ಎಲೆಯನ್ನು ನನ್ನೊಳಗಿಟ್ಟು ಮಾಳಿಗೆಗೆ ಒಯ್ದಳು. ಎಷ್ಟು ವರ್ಷಗಳಾದ ಹಾಗಾಯಿತು ನನಗೆ ಅನ್ನದ ಬಿಸಿ ತಾಗಿ! ಕಾಗೆ ಮುಟ್ಟಬೇಕು, ಆಮೇಲೆ ಮನೆಯವರು ಉಣ್ಣಬೇಕು. ಒಂದು ಕಾಗೆಯೂ ಬರಲಿಲ್ಲ. ಬಿಸಿಲು ಏರಿತು. ಶ್ರೀಪಾದ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅವ್ವಾ, ಏನ ಬೇಕಾಗೇದ ಹೇಳವಾ. ನಿನ್ನ ಬಿಟ್ಟು ತಿರಗ್ಯಾಡಲಿಕ್ಕೆ ಹೋಗಿದ್ನಿ, ಸಿಟ್ಟ ಬಂದದೇನು? ಹಸದು ಕೂಡಬ್ಯಾಡವಾ."

ನನಗೆ ಅವನ ಮೇಲೆ ಕನಿಕರ ಬಂತು, ಸುಳ್ಳೇಕೆ ಹೇಳಲಿ. ಕನಿಕರಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು. ಅವನಿಗೆ ಇದು ಒಂದು ಮಧ್ಯಾಹ್ನ. ಚಾನ್‌ಪೆಂಗಳಿಗೆ ದಿನಾ ಬೆಳಗ್ಗೆ.

"ಎಷ್ಟೊತ್ತಂತ ಕಾಯೂದು? ದರ್ಭೀ ಕಾಗಿ ಮಾಡಿ ಮುಟ್ಟಸೋಣ" ಎಂದರು ಆಚಾರ್ಯರು. ಹುಲ್ಲಿನ ಕಾಗೆ ಪಿಂಡ ಮುಟ್ಟಿತು. ಶ್ರೀಪಾದ ಕಣ್ಣೊರೆಸಿಕೊಂಡ. ಎಲ್ಲರೂ ಕೆಳಗಿಳಿದು ಹೋಳಿಗೆ ಉಂಡರು. ನನಗೆ ಮತ್ತೆ ಮೆಣಸಿನಕಾಯಿ ತುಂಬಿದರು.

ಊಟವಾದ ಮೇಲೆ ಶ್ರೀಪಾದನ ತಂಗಿ ಫೋಟೊದ ಮುಂದೆ ನಿಂತಳು.

"ವೈನಿ, ನಿಮ್ಮ ಹಿಂದ ನಿಂತಾಳಲ್ಲ, ಆ ಮುದುಕಿ ಯಾರು?"

"ಯಾರೋ ಅಲ್ಲೀ ಕೆಲಸದಾಕಿ. ನೋಡು, ನಾ ಅನ್ನಾ ಹಾಕೂದು ನೋಡಿ ಹೆಂಗ ಕೈ ಮುಗದು ನಿಂತಾಳ. ಭಾಳ ಭಕ್ತಿ ಆ ಮಂದೀಗೆ."

ಭಕ್ತಿಯಂತೆ. ಆ ಕೈಗಳಲ್ಲಿ ದಿನವೂ ನಾನಿರುತ್ತಿದ್ದೆ. ಅಂದು ಹಿಡಿಯಲು ಏನೂ ಇರಲಿಲ್ಲ, ಅದಕ್ಕೇ ಒಂದಕ್ಕೊಂದು ಹಿಡಿದುಕೊಂಡಿದ್ದವು.