ಬೇಕಂತೆ

ಬ್ರಶ್ಶಿನ ತುದಿಯಲ್ಲಿ ಒಂದು ಬಿಳಿ ಹನಿ, ಬೀಳುತ್ತದೆ, ಇಲ್ಲ, ಬೀಳುವುದಿಲ್ಲ, ಊರವರ ಗೋಡೆಗೆಲ್ಲ ಬಣ್ಣ ಬಳಿಯುವ ಅಪ್ಪ ಒಂದು ಹನಿ ನೆಲಕ್ಕೆ ಬಿಟ್ಟವರಲ್ಲ, ಮೊದಲ ಕೋಟಿನ ಡಬ್ಬದ ಅಂಚಿಗೆ ಒರೆಸಿ ಏಣಿಯ ಮೇಲಿಂದ ಮತ್ತೆ ಕೇಳುತ್ತಾರೆ, ಯಾವ ಬಣ್ಣ ಬೇಕು ಮಗಳೇ, ಅವಳ ಕತ್ತು ತನ್ನಷ್ಟಕ್ಕೆ ಬಾಗಿಲಲ್ಲಿ ನಿಂತ ಅಮ್ಮನ ಕಡೆ ಹೊರಳುತ್ತದೆ, ಅಮ್ಮಾ, ಯಾವ ಬಣ್ಣ ಅಂತ ಹೇಳಬೇಕಂತೆ — ನನಗೂ ಕಿವಿ ಇದೆ ಕಣೇ, ಕೇಳಿದ್ದು ನಿನ್ನನ್ನ, ಈ ಕೋಣೆ ಇನ್ನು ನಿಂದು — ಅಮ್ಮ ನಗುತ್ತಾಳೆ, ಅಪ್ಪನ ಎದುರಿಗೇ ನಗುತ್ತಾಳೆ, ಇದನ್ನು ನೋಡದೆ ಎಷ್ಟು ಕಾಲ ಕಳೆದಿತ್ತು, ಇದೇ ಕೋಣೆಯಲ್ಲಲ್ಲವೇ ಅಪ್ಪ ಮುನಿಸಿಕೊಂಡು ಚಾಪೆ ಹಾಸಿದ್ದು, ಅಡುಗೆಮನೆ ಅಮ್ಮನದು, ನಡುವಿನ ಓಡಾಟ ಇವಳದು, ನಿಮ್ಮಮ್ಮಂಗೆ ಹೇಳು ಊಟಕ್ಕೆ ಉಪ್ಪಿಲ್ಲ ಅಂತ, ನಿಮ್ಮಪ್ಪಂಗೆ ಹೇಳು ನಾಲಿಗೇಲಿರೋ ಖಾರಾನೇ ಸಾಕು ಅಂತ, ನಡುಮನೆ ದಾಟುವಷ್ಟರಲ್ಲಿ ಅವಳು ಮಾತಿನ ಮುಳ್ಳು ಬಿಡಿಸಿಬಿಡುತ್ತಿದ್ದಳು, ಅಮ್ಮಾ, ಊಟ ಚೆನ್ನಾಗಿದೆಯಂತೆ, ಚೂರು ಉಪ್ಪು ಬೇಕಂತೆ, ಅಪ್ಪಾ, ಮೋಡ ಆಗಿದೆಯಂತೆ, ಛತ್ರಿ ಮರೀಬಾರದಂತೆ. ಛತ್ರಿಯ ಮಾತು ಅಮ್ಮ ಆಡಿಯೇ ಇರಲಿಲ್ಲ.

ಶಾಲೆಯಲ್ಲಿ ಅಂತೆಕಂತೆ ಎಂದೇ ಹೆಸರು ಬಿತ್ತು, ಟೀಚರ್ ಬೇಸತ್ತು ಕೇಳಿದ್ದರು, ಅವರಿವರ ಮಾತು ಇರಲಿ, ನಿನಗೇನು ಅನಿಸುತ್ತೆ, ಹದಿನೈದು ತುಂಬಿದರೂ ತನಗೇನು ಇಷ್ಟ ಎಂದು ಒಳಗೆ ತಡಕಿದರೆ ಅಪ್ಪನ ದನಿ, ಅಮ್ಮನ ದನಿ, ಮೂರನೆಯದೊಂದು ಇಲ್ಲವೇ ಇಲ್ಲವೇನೋ, ಆಮೇಲೆ ಒಂದು ಸಂಜೆ ನೆನೆಯದೆ ಮನೆಗೆ ಬಂದ ಅಪ್ಪ ಛತ್ರಿ ಮಡಚುತ್ತಾ ನೇರವಾಗಿ ಅಮ್ಮನಿಗೇ ಹೇಳಿಬಿಟ್ಟರು, ನೀನು ನೆನಪಿಸಿದ್ದು ಒಳ್ಳೇದಾಯ್ತು, ಯಾವ ಛತ್ರಿ ಅಂದಳು ಅಮ್ಮ, ನಾನೆಲ್ಲಿ ನೆನಪಿಸಿದೆ — ಇಬ್ಬರೂ ಒಟ್ಟಿಗೆ ಇವಳತ್ತ ತಿರುಗಿದರು, ಕಳ್ಳಿ ಸಿಕ್ಕಿಬಿದ್ದಳು, ಮೊದಲು ನಕ್ಕಿದ್ದು ಯಾರೋ, ಚಾಪೆ ಸುರುಳಿಯಾಗಿ ಅಟ್ಟ ಸೇರಿತು, ಈಗ ಏಣಿಯ ಮೇಲೆ ಅಪ್ಪ, ಬಾಗಿಲಲ್ಲಿ ಅಮ್ಮ, ಹೊತ್ತು ಸಾಗಿಸಲು ಯಾರ ಮಾತೂ ಇಲ್ಲ, ಕೈ ಬೀಸಿಕೊಂಡು ನಡೆದಷ್ಟು ಹಗುರ, ಆದರೆ ಹೇಳಬೇಕು, ಏನಾದರೂ ಹೇಳಬೇಕು, ಕಿಟಕಿಯ ಬಿಸಿಲು ಒದ್ದೆ ಗೋಡೆಯ ಮೇಲೆ ಬಿದ್ದಿದೆ, ಅದು, ಅದೇ, ನನಗೆ — ನನಗೆ ಹಳದಿ ಬೇಕಂತೆ. ಹೌದಾ, ಯಾರು ಹೇಳಿದ್ರು, ಅಪ್ಪನಿಗೆ ನಗು ತಡೆಯದು, ಏಣಿಯೇ ಅಲ್ಲಾಡುತ್ತದೆ, ಅಮ್ಮ ಓಡಿಬಂದು ಹಿಡಿದುಕೊಳ್ಳುತ್ತಾಳೆ, ನಾನೇ, ಮಗಳೂ ನಗುತ್ತಾಳೆ, ನಾನೇ ಹೇಳಿದ್ದು, ಹಳದಿ ಬೇಕು, ಬೇಕು — ಬ್ರಶ್ಶಿನ ತುದಿಯಲ್ಲಿ ಬಿಳಿ ಹನಿ, ಬೀಳುತ್ತದೆ, ಇಲ್ಲ, ಬೀಳುವುದಿಲ್ಲ, ಬಿತ್ತು.