ಕ್ರೇನಿಗೆ ತಾಂಬೂಲ

ಅವರೆಕಾಯಿ ಸೊಗಡು ಕಟ್ಟಿದ ಮಾರ್ಗಶಿರ ಮಾಸ, ಬಿಸಿಲು ಶೆಡ್ಡಿನ ತಗಡಿಗೆ ತಾಗುವ ಹೊತ್ತು. ನಲವತ್ತನಾಲ್ಕನೇ ಇಸವಿ, ಯುದ್ಧದ ಕಾಲ. ದೊಡ್ಡಬಳ್ಳಾಪುರ ಸ್ಟೇಷನ್ನಿನ ಹಿಂದೆ ನಮ್ಮ ಶೆಡ್ಡು. ಮಿಲಿಟರಿಯವರ ರೋಡ್ ರೋಲರುಗಳು ರಿಪೇರಿಗೆ ಬಂದು ಸಾಲಾಗಿ ನಿಂತಿರುತ್ತಿದ್ದವು. ಎರಡು ಗೋಡೆಗಳ ಮೇಲೆ ಹಳಿ, ಹಳಿಯಿಂದ ಹಳಿಗೆ ಅಡ್ಡ ಕೂತ ಕಬ್ಬಿಣದ ತೊಲೆ, ತೊಲೆಯಿಂದ ಇಳಿಬಿದ್ದ ಕೊಕ್ಕೆ. ಅದೇ ನಮ್ಮ ಕ್ರೇನು. ಐದು ಟನ್ ಎತ್ತುತ್ತಿತ್ತು. ತೊಲೆಯ ತುದಿಗೆ ಕಟ್ಟಿದ ಪಂಜರದಲ್ಲಿ ಕೂತು ಅದನ್ನು ನಡೆಸುತ್ತಿದ್ದವನು ಬಚ್ಚಪ್ಪ, ನನ್ನ ತಂಗಿ ನಾರಾಯಣಮ್ಮನ ಗಂಡ. ಕೆಳಗೆ ನಾನು ಮೇಸ್ತ್ರಿ.

ಅವೊತ್ತು ಬಚ್ಚಪ್ಪ ಏಣಿ ಇಳಿದು ಬಂದು ನನ್ನನ್ನು ಕಂಬದ ಹತ್ತಿರ ಕರೆದ. ಕಂಬದ ಮೇಲೆ ಸೀಮೆಸುಣ್ಣದ ಎರಡು ಗೆರೆ ಎಳೆದಿದ್ದ.

“ನೋಡು ಭಾವ. ಮೇಲಿನ್ ಗೆರೆ ಹತ್ರ ನಾನು ನಿಲ್ಸಿದ್ದು. ಕೆಳಗಿನ್ ಗೆರೆ ಹತ್ರ ಕೊಕ್ಕೆ ನಿಂತಿದ್ದು. ದೀಪಾವಳೀಲಿ ನಾಲ್ಕ್ ಬೆರಳು ಜಾರ್ತಿತ್ತು. ಈಗ ಒಂದ್ ಗೇಣು.”

“ಬ್ರೇಕಾ?”

“ಇನ್ನೇನು ಮತ್ತೆ? ಗೊತ್ತಿರೋರು ಬಂದು ಬಿಚ್ಚಿ ನೋಡ್ಬೇಕು. ನಾಳೆ ಏನಾದ್ರೂ ಬಿದ್ರೆ ಬ್ರೇಕು ಹೋಯ್ತು ಅನ್ನಲ್ಲ ಯಾರೂ, ಬಚ್ಚಪ್ಪ ಬೀಳಿಸ್ದ ಅಂತಾರೆ. ಮೇಲ್ ಕೂತಿರೋನು ನಾನು ತಾನೆ?”

ನಾನು ಹೋಗಿ ಶೆಡ್ಡಿನ ಯಜಮಾನ ಸಂಜೀವಪ್ಪನವರಿಗೆ ಹೇಳಿದೆ. ಅವರು ಕೆಟ್ಟವರಲ್ಲ. ಕೂಡಲೇ ಒಪ್ಪಿದರು.

“ಯಾವ್ದಾದ್ರೂ ಕಂಪನಿಗೆ ವಹಿಸ್ಬಿಡಾಣ ಕಣೋ ಪಿಳ್ಳಪ್ಪ. ಮೂರ್ ತಿಂಗ್ಳಿಗೊಂದ್ಸಲ ಬಂದು ನೋಡ್ಕೊಂಡ್ ಹೋಗ್ಲಿ. ಬೆಂಗ್ಳೂರಲ್ಲಿ ಇಬ್ರು ಇದಾರಂತೆ. ಎರಡೂ ಮನೆ ನೋಡ್ಕೊಂಡ್ ಬರಾಣ, ನೀನೂ ಬಾ.”

“ಬಚ್ಚಪ್ಪನ್ನ ಕರ್ಕೊಂಡ್ ಹೋಗಾಣ್ವಾ ಯಜಮಾನ್ರೇ? ಅವನಿಗೆ ಅದರ ಸಂಗತಿ ಗೊತ್ತು.”

“ಅವನ್ಯಾಕೆ? ಹಿರೇರು ಹೋಗಿ ಮಾತಾಡೋ ಕೆಲ್ಸ ಇದು.”

ಸಂಜೀವಪ್ಪನವರು ಜರಿ ಪೇಟ ಸುತ್ತಿ, ಕರಿ ಕೋಟು ತೊಟ್ಟು ಹೊರಟರು. ಮಗನಿಗೆ ಹೆಣ್ಣು ನೋಡಲು ಹೋದಾಗಲೂ ಅದೇ ಕೋಟು ತೊಟ್ಟಿದ್ದರು.

ಮೊದಲು ಕಲಾಸಿಪಾಳ್ಯದ ಮುನಿರಾಮಯ್ಯನ ಕಾರ್ಖಾನೆ. ಆತ ನೆಲದ ಮೇಲೆ ಚೀಲ ಹಾಸಿಕೊಂಡು ಯಾವುದೋ ಕ್ರೇನಿನ ಗಾಲಿಗಳನ್ನು ಬಿಚ್ಚಿ ಹರಡಿಕೊಂಡಿದ್ದ. ನಾವು ನಿಂತೇ ಇದ್ದೆವು. ಕೂತುಕೊಳ್ಳಿ ಅನ್ನಲಿಲ್ಲ, ತಲೆ ಎತ್ತಿ ನೋಡಲೂ ಇಲ್ಲ. ಕೇಳಿದ್ದೆಲ್ಲ ಸಾಕ್ಷಿಯನ್ನು ಕೇಳಿದ ಹಾಗೆ. ಹಗ್ಗ ಯಾವಾಗ ಬದಲಾಯಿಸಿದ್ದು, ಬ್ರೇಕು ಬಿಚ್ಚಿ ಎಷ್ಟು ದಿನ ಆಯಿತು, ಎಷ್ಟು ಜಾರುತ್ತೆ?

“ಒಂದ್ ಗೇಣು,” ಅಂದೆ.

ಆಗ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. “ಹಂಗಾದ್ರೆ ಇವತ್ತೇ ನಿಲ್ಸಿ. ನಂಗೆ ನಾಲ್ಕ್ ದಿನ ಬೇಕು, ಶೆಡ್ಡು ಮುಚ್ಚಿರ್ಬೇಕು. ರಿಪೇರಿ ಆದ್ಮೇಲೆ ಐದು ಟನ್ನಿನ ಮೇಲೆ ಇನ್ನೂ ಕಾಲು ಭಾಗ ತೂಕ ಎತ್ತಿಸಿ ನೋಡ್ತೀನಿ. ನಿಂತ್ರೆ ಕಾಗದ ಬರ್ಕೊಡ್ತೀನಿ, ಇಲ್ದಿದ್ರೆ ಇಲ್ಲ. ಅಲ್ಲೀವರ್ಗೂ ಓಡಿಸ್ಬೇಡಿ, ಕೆಳಗೆ ಯಾರೋ ಸಾಯ್ತಾರೆ.”

ಸಂಜೀವಪ್ಪನವರ ಮುಖ ಕಪ್ಪಿಟ್ಟಿತು. ಬೀದಿಗೆ ಬಂದ ಮೇಲೆ, “ಮೊದಲ್ನೇ ಮಾತ್ಗೇ ಸಾವು ಅಂದ್ನಲ್ಲೋ! ಒಂದ್ ಲೋಟ ನೀರ್ ಬೇಕಾ ಅಂತ ಕೇಳ್ಲಿಲ್ವಲ್ಲೋ ಮುಂಡೇದು!” ಅಂದರು. ನನಗೂ ಬಾಯಾರಿತ್ತು. ಹೌದು ಅಂದೆ.

ಎರಡನೆಯದು ಚಿಕ್ಕಪೇಟೆಯ ಮಹಡಿ ಮೇಲೆ, ಬೈರಣ್ಣನವರ ಕಂಪನಿ. ಬೈರಣ್ಣನವರೇ ಮೆಟ್ಟಿಲಿಳಿದು ಬಂದು ಕೈ ಮುಗಿದು ಕರೆದುಕೊಂಡು ಹೋದರು. ಕಾಲಿಗೆ ನೀರು ಕೊಡಿಸಿದರು. ಅಕ್ಕಿ ರೇಷನ್ನಿನಲ್ಲಿ ಪಾವು ಲೆಕ್ಕದಲ್ಲಿ ಸಿಗುತ್ತಿದ್ದ ಕಾಲ ಅದು. ಅಲ್ಲಿ ಬಾಳೆಲೆ ತುಂಬ ಬಿಳಿ ಅನ್ನ, ಹಿದುಕಿದ ಬೇಳೆ ಸಾರು, ತುಪ್ಪ. ಯಾವೂರು, ಯಾರ ಪೈಕಿ ಅಂತ ವಿಚಾರಿಸುತ್ತಾ ದೇವನಹಳ್ಳಿ ಚನ್ನರಾಯಪಟ್ಟಣದ ಕಡೆಯ ಯಾವುದೋ ನಂಟು ಹುಡುಕಿ ತೆಗೆದರು.

“ಹಂಗಾದ್ರೆ ನೀವು ನಮ್ಗೆ ಬೀಗ್ರೇ ಆದ್ರಿ!”

ಕ್ರೇನಿನ ಮಾತು ಬಂದದ್ದು ಕೈ ತೊಳೆದ ಮೇಲೆ. “ನಿಮ್ ಕ್ರೇನು ಅಂದ್ರೆ ನಮ್ಮನೇ ಮಗು ಇದ್ದಂಗೆ. ಕೆಲ್ಸ ಯಾಕ್ ನಿಲ್ಲಿಸ್ಬೇಕು? ನಮ್ಮೋರು ಅರ್ಧ ದಿವ್ಸದಲ್ಲಿ ನೋಡ್ಬಿಡ್ತಾರೆ,” ಅಂತ ಬೈರಣ್ಣನವರು ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಮುಂದೆ ಹಿಡಿದರು. ಸಂಜೀವಪ್ಪನವರು ಎರಡೂ ಕೈಯಲ್ಲಿ ತಾಂಬೂಲ ತಗೊಂಡರು. ನನಗೂ ಕೊಟ್ಟರು, ನಾನೂ ತಗೊಂಡೆ. ಅನ್ನವನ್ನೂ ಎರಡು ಸಲ ಬಡಿಸಿಕೊಂಡಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ಸಂಜೆ ಬಚ್ಚಪ್ಪ ನಮ್ಮ ಜಗುಲಿಯಲ್ಲಿ ಕಾದಿದ್ದ.

“ಯಾರ್ನ ಗೊತ್ ಮಾಡ್ಕೊಂಡ್ ಬಂದ್ರಿ ಭಾವ?”

ಹೇಳಿದೆ.

“ಬ್ರೇಕಿನ್ ವಿಷ್ಯ ಏನಂದ್ರು?”

ಯೋಚಿಸಿದೆ. “ಅಲ್ಲಿ ಆ ಮಾತು ಬರ್ಲಿಲ್ಲ ಕಣೋ.”

ಅವನು ನಕ್ಕ. “ಊಟ ಜೋರಾಗಿತ್ತಾ?”

ಪುಷ್ಯ ಮಾಸದಲ್ಲಿ ಬೈರಣ್ಣನವರ ಕಡೆಯ ಇಬ್ಬರು ಬಂದರು. ನೆಲದ ಮೇಲೆ ನಿಂತು ಕೈಗೆ ಸಿಕ್ಕಿದ ಕಡೆಗೆಲ್ಲ ಗ್ರೀಸು ಬಳಿದರು. ಕೊಕ್ಕೆಗೆ ಕೆಂಪು ಬಣ್ಣ ಹೊಡೆದರು. ಬಚ್ಚಪ್ಪ ಮೇಲಿನಿಂದ ಕೂಗಿದ:

“ಏಣಿ ಇಲ್ಲಿದೆ ಬನ್ರಪ್ಪೋ! ಬ್ರೇಕಿರೋದು ಮೇಲೆ, ಕೊಕ್ಕೇಲಲ್ಲ.”

“ಇಲ್ಲಿಂದ್ಲೇ ಕಾಣುತ್ತೆ ಬಿಡು ಗುರು,” ಅಂದ ಒಬ್ಬ.

“ಅದೇನ್ ಕಣ್ಣೋ ದುರ್ಬೀನೋ?”

ಶೆಡ್ಡೆಲ್ಲ ನಕ್ಕಿತು. ಅವರೂ ನಕ್ಕರು. ಹತ್ತಲಿಲ್ಲ. ಮಧ್ಯಾಹ್ನಕ್ಕೆ ಇಂಗ್ಲಿಷಿನ ಒಂದು ಕಾಗದ ತೆಗೆದು, ನೋಡಿದ್ದೇವೆ ಅನ್ನುವುದಕ್ಕೆ ಶೆಡ್ಡಿನವರ ಸೈನು ಬೇಕು ಅಂದರು. ನನಗೆ ಬರೆಯಲು ಬರುವುದು ನನ್ನ ಹೆಸರು ಒಂದೇ. ಬರೆದುಕೊಟ್ಟೆ.

ಬಚ್ಚಪ್ಪ ನನ್ನನ್ನು ಎಳೆದುಕೊಂಡು ಯಜಮಾನರ ಹತ್ತಿರ ಹೋದ. “ಅವ್ರು ಮೇಲೆ ಹತ್ತಲೇ ಇಲ್ಲ ಯಜಮಾನ್ರೇ. ಆ ಕಲಾಸಿಪಾಳ್ಯದೋನ್ನ ಒಂದ್ಸಲ ಕರ್ಸಿ, ನಿಮ್ ಕಾಲಿಗ್ ಬೀಳ್ತೀನಿ.”

“ತಾಂಬೂಲ ತಗೊಂಡ್ಮೇಲೆ ಇನ್ನೊಂದ್ ಮನೆ ಬಾಗ್ಲು ತಟ್ಟೋದೇನೋ? ಜನ ಮುಖಕ್ ಉಗೀತಾರೆ. ಏನಪ್ಪಾ ಮೇಸ್ತ್ರಿ, ನೀನೇ ಹೇಳು.”

ನಾನು ನೆಲ ನೋಡಿದೆ.

ಸಂಕ್ರಾಂತಿ ಕಳೆದ ಹನ್ನೆರಡನೇ ದಿನ. ರೋಲರಿನ ಬಾಯ್ಲರು ಎತ್ತಿ ಇಳಿಸುತ್ತಿದ್ದರು. ಕೆಳಗೆ ಆವಲಪ್ಪ ಅನ್ನುವ ಕೂಲಿ ಹಗ್ಗ ಹಿಡಿದು ದಾರಿ ತೋರಿಸುತ್ತಿದ್ದ. ಆಳೆತ್ತರದಲ್ಲಿ ಬಚ್ಚಪ್ಪ ನಿಲ್ಲಿಸಿದ. ಅದು ನಿಲ್ಲಲಿಲ್ಲ.

“ಆವಲಣ್ಣಾ, ಓಡೋ!”

ಆ ಕೂಗಿಗೆ ಆವಲಪ್ಪ ಹಾರಿದ. ಅವನ ಜೀವ ಉಳಿಯಿತು. ಬಲಗಾಲು ಕೆಳಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಮೊಣಕಾಲಿನವರೆಗೆ ತೆಗೆದರು.

ಮೂರನೇ ದಿನ ಮಿಲಿಟರಿಯ ಅಧಿಕಾರಿ ವಿಚಾರಣೆಗೆ ಬಂದ. ಬೈರಣ್ಣನವರು ಕಾಗದದ ನಕಲು ಕಳಿಸಿದ್ದರು. ಗುಮಾಸ್ತ ಓದಿ ಕನ್ನಡದಲ್ಲಿ ಹೇಳಿದ: ಬ್ರೇಕು ಬಿಚ್ಚಿ ನೋಡಲಾಗಿದೆ, ಚೆನ್ನಾಗಿದೆ.

“ಇದು ನಿನ್ನ ಸೈನಾ?”

“ಹೌದು ಸ್ವಾಮಿ.”

“ಅವರು ಮೇಲೆ ಹತ್ತಿ ಬ್ರೇಕು ಬಿಚ್ಚಿದ್ದನ್ನ ನೀನು ಕಣ್ಣಾರೆ ನೋಡಿದೀಯಾ?”

ಎದುರಿಗೆ ಬಚ್ಚಪ್ಪ ನಿಂತಿದ್ದ. ಪಕ್ಕದ ಕುರ್ಚಿಯಲ್ಲಿ ಸಂಜೀವಪ್ಪನವರಿದ್ದರು. ಇಲ್ಲ ಅಂದರೆ ಸುಳ್ಳು ಸೈನು ನನ್ನ ತಲೆಗೆ ಬರುತ್ತಿತ್ತು.

“ನೋಡಿದೀನಿ,” ಅಂದೆ.

ಡ್ರೈವರನ ಅಜಾಗರೂಕತೆ ಅಂತ ಬರೆದುಕೊಂಡರು. ಇನ್ನು ಮೈಸೂರು ಸೀಮೆಯ ಯಾವ ಶೆಡ್ಡಿನಲ್ಲೂ ಅವನನ್ನು ಕ್ರೇನು ಹತ್ತಿಸುವಂತಿರಲಿಲ್ಲ.

ಬೇರೆಯವರಿಂದ ಪರೀಕ್ಷೆ ಮಾಡಿಸದೆ ಕ್ರೇನು ಮುಟ್ಟಕೂಡದು ಅಂತ ಮಿಲಿಟರಿಯವರು ಹುಕುಂ ಮಾಡಿದರು. ಹಾಗಾಗಿ ಗುರುವಾರ ಮುನಿರಾಮಯ್ಯನನ್ನೇ ಕರೆಸಬೇಕಾಯಿತು. ಆತ ಬಂದವನೇ ಏಣಿ ಹತ್ತಿದ. ಗಂಟೆ ಕಳೆದು ಇಳಿದು ಬಂದು ಅಂಗೈ ತೋರಿಸಿದ. ಬ್ರೇಕಿನ ಪಟ್ಟಿ ಸವೆದು ಸವೆದು ಕರೀ ಪುಡಿ ಆಗಿತ್ತು.

“ಇದು ಒಂದ್ ದಿನದಲ್ಲಿ ಸವೆದಿದ್ದಲ್ಲ. ನಿಮ್ ಡ್ರೈವರು ಏನೂ ಹೇಳಿರ್ಲಿಲ್ವಾ?”

“ಹೇಳಿದ್ದ.”

“ಯಾರಿಗೆ?”

ನಾನು ಒರೆಸಿಕೊಳ್ಳಲು ಬಟ್ಟೆ ಕೊಟ್ಟೆ. ಆತ ಕೈ ಒರೆಸಿಕೊಂಡು ಮತ್ತೆ ಏಣಿ ಹತ್ತಿದ.

ಮಾರನೇ ದಿನ ಬೆಳಿಗ್ಗೆ ತಂಗಿಯ ಮನೆಗೆ ಹೋದೆ. ಟ್ರಂಕು ಬಾಗಿಲಲ್ಲಿತ್ತು. ನಾರಾಯಣಮ್ಮ ಹಾಸಿಗೆ ಸುತ್ತುತ್ತಿದ್ದಳು. ಮುನಿರಾಮಯ್ಯ ಹೇಳಿದ್ದನ್ನು ಹೇಳಬೇಕೆಂದು ಹೋದವನು, ಬೇರೇನೋ ಹೇಳಿದೆ.

“ಇವತ್ತು ಶುಕ್ರವಾರ ಕಣಮ್ಮ. ಹೆಣ್ಮಗಳು ಶುಕ್ರವಾರ ತವರೂರು ಬಿಟ್ ಹೋಗ್ಬಾರ್ದು. ಭಾನುವಾರ ಹೋಗಿ.”

ಅವಳು ಹಗ್ಗದ ಗಂಟು ಬಿಗಿದು ತಲೆ ಎತ್ತಿದಳು. “ತವರು ಎಲ್ಲಿದೆ ಅಣ್ಣ, ಬಿಟ್ ಹೋಗಕ್ಕೆ?”

ಬಚ್ಚಪ್ಪ ನನ್ನ ಪಕ್ಕದಲ್ಲೇ ಹಾದು ಟ್ರಂಕು ಹೆಗಲಿಗೇರಿಸಿಕೊಂಡ. “ಮಗೂನ ಎತ್ಕೊಳಮ್ಮಿ, ಗಾಡಿ ಹೊತ್ತಾಯ್ತು,” ಅಂತ ಹೆಂಡತಿಗೆ ಹೇಳಿದ.

ಬಚ್ಚಪ್ಪ, ನಾರಾಯಣಮ್ಮ, ಕೈಗೂಸು, ಮೂವರೂ ಮೈಸೂರು ಸೀಮೆಯಾಚೆಯ ಹಿಂದೂಪುರದ ಗಾಡಿ ಹತ್ತಿ ಹೋದರು. ಮಾಘ ಮಾಸ, ಶುಕ್ರವಾರ.