ಏಳನೆಯ ವ್ಯಕ್ತಿಯ ನೋವು

ಅತ್ತೆ, ಮಾವ, ಮೈದುನ ಹಿಂದಿನ ದಿನ ಹೌರಾದಲ್ಲಿ ಮದ್ರಾಸಿನ ರೈಲು ಹತ್ತಿದ್ದರು. ಹದಿಮೂರನೆಯ ದಿನದ ಅಡುಗೆಗೆ ತಂದ ದೊಡ್ಡ ಪಾತ್ರೆಗಳನ್ನು ಕೆಳಮನೆಯ ರತ್ನಾವತಿಯಕ್ಕ ತಮ್ಮ ಹೋಟೆಲಿಗೆ ಕಳಿಸಿದ್ದರು. ಆ ಬೆಳಿಗ್ಗೆ ಎದ್ದಾಗ ಮಾಡಬೇಕಾದ ಕರ್ಮ ಯಾವುದೂ ಉಳಿದಿರಲಿಲ್ಲ. ಕಲ್ಲಿದ್ದಲ ಒಲೆಗಳ ಹೊಗೆ ಬೀದಿಯ ಮೇಲೆ ನಿಂತಿತ್ತು. ಟ್ರಾಮ್ ಅದರೊಳಗೆ, ನೀರಿನಡಿಯಲ್ಲಿ ಹೋಗುವಂತೆ ಹೋಯಿತು.

ಹಾಲು ಕಾಯಿಸಿ ಇಳಿಸಿದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಬಲಗೈಯ ಎರಡು ಬೆರಳು ಕೆಂಪಾಗಿದ್ದವು. ಇಕ್ಕಳ ಹಿಡಿಯಲು ಮರೆತಿದ್ದೆ. ಸುಟ್ಟದ್ದು ಗೊತ್ತಾಗಿರಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ ಒಂದು ಕಿತ್ತಳೆ ಹಣ್ಣು ಒಣಗಿ ಕುಗ್ಗಿತ್ತು. ಅದರಲ್ಲಿ ಒಂದು ಸೂಜಿ ನೆಟ್ಟಗೆ ನಿಂತಿತ್ತು. ನನ್ನ ಗಂಡ ಮೂರ್ತಿ ಚೀನೀ ಸೂಜಿಚಿಕಿತ್ಸೆ ಅಭ್ಯಾಸ ಮಾಡುತ್ತಿದ್ದದ್ದು ಹಣ್ಣಿನ ಮೇಲೆ. ಸಿಪ್ಪೆ ದಾಟಬೇಕು, ರಸ ಬರಬಾರದು. ಅಷ್ಟು ಮೆಲ್ಲಗೆ ಚುಚ್ಚಬೇಕು ಎಂದು ಚೀನೀಯರ ಕೇರಿ ಟೆರೆಟ್ಟಿ ಬಜಾರಿನ ಲಿಯಾಂಗ್ ವೈದ್ಯರು ಅವರಿಗೆ ಹೇಳಿಕೊಟ್ಟಿದ್ದರು. ಸೂಜಿಗಳೂ ಲಿಯಾಂಗರವೇ. ನೀಲಿ ಬಟ್ಟೆ ಹೊದಿಸಿದ ಮರದ ಪೆಟ್ಟಿಗೆ, ಹನ್ನೆರಡು ಬೆಳ್ಳಿ ಸೂಜಿ, ಅವರ ತಂದೆ ಚೀನಾದಿಂದ ಹಡಗಿನಲ್ಲಿ ತಂದವು. ಚೀನೀ ಹೊಸವರ್ಷದೊಳಗೆ ಹಿಂದಿರುಗಿಸುತ್ತೇನೆಂದು ಮೂರ್ತಿ ಮಾತು ಕೊಟ್ಟು ತಂದಿದ್ದರು. ಆಮೇಲೆ ಅವರಿಗೆ ಜ್ವರ ಬಂತು. ಮಲೇರಿಯಾ ಮೆದುಳಿಗೆ ಏರಿದೆ ಎಂದರು. ನಾಲ್ಕು ದಿನದಲ್ಲಿ ಮುಗಿಯಿತು.

ರತ್ನಾವತಿಯಕ್ಕ ಬಾಗಿಲು ತಟ್ಟಿದರು.

"ತೆಗಿ ಮಾರಾಯ್ತಿ. ಇಡ್ಲಿ ಬಿಸಿ ಉಂಟು. ತಣ್ಣಗಾದ್ರೆ ನಮ್ಮ ಯಜಮಾನ್ರು ಇದನ್ನೇ ಪುಡಿ ಮಾಡಿ ನಾಳೆ ಉಪ್ಪಿಟ್ಟು ಅಂತ ಗಿರಾಕಿಗೆ ಬಡಿಸ್ತಾರೆ."

ಒಳಗೆ ಬಂದವರು ಹಣ್ಣು ನೋಡಿದರು.

"ಇದೆಂತ, ಬಿಸಾಡಬಾರ್ದಾ?"

"ಅದರಲ್ಲಿ ಅವರ ಸೂಜಿ ಇದೆ ಅಕ್ಕ."

ಅವರು ಕುಳಿತರು. ತಮ್ಮ ಮಂಡಿಯ ಮೇಲೆ ಕೈ ಇಟ್ಟುಕೊಂಡರು.

"ಇಲ್ಲಿಗೆ ಒಂದು ಚುಚ್ಚಿದ್ದ. ನೋವು ಹೋಯ್ತಾ ಅಕ್ಕ ಅಂತ ಕೇಳ್ದ. ಹೋಯ್ತು ಅಂದೆ. ಅಷ್ಟು ಆಸೆಯಿಂದ ಕೇಳುವವನಿಗೆ ಇಲ್ಲ ಅನ್ಲಿಕ್ಕೆ ಆಗ್ತದಾ?"

"ನಿಜವಾಗಿ ಹೋಗಿತ್ತಾ?"

"ಮಂಡಿ ಹಾಗೇ ಉಂಟು, ನೋಡು." ಅದನ್ನು ಸವರುತ್ತ ಹೇಳಿದರು, "ಆ ದಿನ ಮಾತ್ರ, ಸುಳ್ಳು ಯಾಕೆ, ತಾರಸಿಗೆ ಹತ್ತಿ ಬಟ್ಟೆ ಒಣಹಾಕಿ ಬಂದೆ. ನೀನು ಮೊದಲು ತಿನ್ನು."

ತಿಂದೆ. ರುಚಿ ಸಿಗಲಿಲ್ಲ. ಅವರು ಹೋದ ಮೇಲೆ ಮೇಜಿನ ಮೇಲಿದ್ದ ಮೂರ್ತಿಯ ಪ್ರಯೋಗದ ನೋಟ್‌ಬುಕ್ ತೆರೆದೆ.

ಅಂದು ಗುರುವಾರ. ಕಾಲೇಜಿನಲ್ಲಿ ಮೂರ್ತಿಯ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ಪ್ರೊಫೆಸರ್ ಹಾಲ್ದಾರ್ ಚೀಟಿ ಕಳಿಸಿದ್ದರು: ಗುರುವಾರ ನೋಟ್‌ಬುಕ್ ತಂದುಕೊಡಬೇಕು, ಮೂರ್ತಿಯ ಹೆಸರು ಮೊದಲಿಟ್ಟು ಲೇಖನವನ್ನು ಅಚ್ಚಿಗೆ ಕಳಿಸುತ್ತೇವೆ. ಮೂರ್ತಿಯ ಹೆಸರಿನಲ್ಲಿ ಬರುವ ಮೊದಲ ಲೇಖನ ಅದು. ಇನ್ನೊಂದು ಬರುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಹನ್ನೊಂದು ಜನರಿದ್ದಾರೆ. ಹೆಸರಿಲ್ಲ, ಸಂಖ್ಯೆ ಮಾತ್ರ. ಏಳನೆಯವಳು ನಾನು.

ಪ್ರಯೋಗ ಹೀಗಿತ್ತು. ಹಲ್ಲಿಗೆ ಸಣ್ಣ ತಂತಿ ತಾಗಿಸಿ ವಿದ್ಯುತ್ತಿನ ಚುರುಕು ಕೊಡುವುದು. ನೋವು ಹತ್ತರಲ್ಲಿ ಎಷ್ಟು ಎಂದು ಕೇಳುವುದು. ಆಮೇಲೆ ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸದಲ್ಲಿ ಸೂಜಿ ಇಟ್ಟು ಅರ್ಧ ಗಂಟೆ ತಿರುವುವುದು. ಅಲ್ಲಿ ಪ್ರಾಣಶಕ್ತಿಯ ಹೊಳೆಯೊಂದು ಹರಿಯುತ್ತದೆ, ಹಲ್ಲಿನ ತನಕ ಹೋಗುತ್ತದೆ ಎಂದು ಲಿಯಾಂಗ್ ಹೇಳುತ್ತಿದ್ದರು. ಮೂರ್ತಿಗೆ ಹೊಳೆಯಲ್ಲಿ ನಂಬಿಕೆ ಇರಲಿಲ್ಲ. ಸೂಜಿ ನರವನ್ನು ಕೆಣಕುತ್ತದೆ, ಆಗ ಮೆದುಳು ತನ್ನದೇ ಅಫೀಮನ್ನು ಸುರಿಸಿಕೊಳ್ಳುತ್ತದೆ ಎಂಬುದು ಅವರ ಊಹೆ. ಊಹೆ ನಿಜವಾದರೆ, ಆ ಅಫೀಮನ್ನು ತಡೆಯುವ ಮದ್ದು ಕೊಟ್ಟಾಗ ನೋವು ಮರಳಬೇಕು. ಬರೀ ಉಪ್ಪುನೀರು ಕೊಟ್ಟರೆ ಮರಳಬಾರದು. ಸೀಸೆಯಲ್ಲಿ ಯಾವುದಿದೆ ಎಂದು ಚುಚ್ಚುವವನಿಗೂ ಗೊತ್ತಿರಬಾರದು, ಚುಚ್ಚಿಸಿಕೊಳ್ಳುವವಳಿಗೂ ಗೊತ್ತಿರಬಾರದು.

ನನ್ನ ಸರದಿ ಬಂದ ದಿನ ಬಂದ್. ಬಸ್ಸಿಲ್ಲ, ಟ್ರಾಮಿಲ್ಲ. ಅಗೆದು ಬಿಟ್ಟ ಮೆಟ್ರೋ ಗುಂಡಿಯ ಪಕ್ಕದಲ್ಲಿ ನಾವಿಬ್ಬರೂ ಕೈ ಬೀಸಿಕೊಂಡು ಕಾಲೇಜಿನ ತನಕ ನಡೆದೆವು. ರಸ್ತೆಯ ನಡುವೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಸೀಸೆ ತುಂಬಿ ಸಂಖ್ಯೆ ಅಂಟಿಸುವ ಸಹಾಯಕರು ಬಂದಿರಲಿಲ್ಲ. ಎರಡೂ ಸೀಸೆಗಳನ್ನು ಮೂರ್ತಿಯೇ ತುಂಬಿದರು.

"ನಿಮಗೆ ಗೊತ್ತಾಯಿತಲ್ಲ ಯಾವುದು ಯಾವುದೂಂತ," ಎಂದೆ.

"ನಿನಗೆ ಗೊತ್ತಿಲ್ಲವಲ್ಲ. ನಾನು ಗೋಡೆಯ ಹಾಗೆ ಕೂತಿರ್ತೇನೆ, ನೋಡ್ತಿರು."

ಅವರು ಗೋಡೆಯಲ್ಲ. ಸಂತೋಷವನ್ನು ಅಡಗಿಸುವಾಗ ಅವರ ಎಡಹುಬ್ಬು ಮೇಲೆ ಹೋಗುತ್ತಿತ್ತು. ಮೊದಲ ಸೀಸೆಗೆ ಹುಬ್ಬು ಅಲುಗಲಿಲ್ಲ. ಎರಡು ಎಂದೆ. ಎರಡನೆಯ ಸೀಸೆಗೆ ಹುಬ್ಬು ಎದ್ದಿತು, ಮದ್ದು ಇದೇ ಎಂದು ತಿಳಿಯಿತು. ಎಂಟು ಎಂದೆ. ಅವರು ತಲೆ ತಗ್ಗಿಸಿ ಬರೆದುಕೊಂಡರು. ಕಿವಿಯವರೆಗೂ ಕೆಂಪಾಗಿದ್ದರು. ಹನ್ನೊಂದು ಜನರಲ್ಲಿ ಇಷ್ಟು ಚೊಕ್ಕವಾದ ಉತ್ತರ ಇನ್ನಾರದ್ದೂ ಇಲ್ಲ.

ಲೆಕ್ಕ ಹಾಕಿದವಳೂ ನಾನೇ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿದ್ದೆ. ಏಳನೆಯ ಸಾಲು ಇದ್ದರೆ ಫಲಿತಾಂಶ ಗಟ್ಟಿಯಾಗಿ ನಿಲ್ಲುತ್ತದೆ. ತೆಗೆದರೆ ಉಳಿದ ಹತ್ತು ಜನರ ಉತ್ತರದಿಂದ ಏನೂ ಹೇಳಲಾಗದು. ಅದು ನನಗೆ ಆಗಲೇ ಗೊತ್ತಿತ್ತು. ಕಾಗದ ಮಡಚಿ ಅವರ ಕೈಗಿಟ್ಟು, ಚೆನ್ನಾಗಿದೆ ಎಂದಿದ್ದೆ. ಮುಂದೆ ಯಾವತ್ತಾದರೂ ಹೇಳಿದರಾಯಿತು ಎಂದುಕೊಂಡಿದ್ದೆ.

ಹಣ್ಣಿನಿಂದ ಸೂಜಿ ಕಿತ್ತೆ. ಒರೆಸಿ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನೂ ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿ ಬಸ್ಸು ಹತ್ತಿದೆ. ಕಿಟಕಿಯಾಚೆ ಊರು ಹೊಗೆಯಲ್ಲಿ ತೇಲುತ್ತಿತ್ತು. ಗೋಡೆಗಳ ಮೇಲಿನ ಕೆಂಪು ಅಕ್ಷರಗಳು ಗೋಡೆಯಿಲ್ಲದೆ ಗಾಳಿಯಲ್ಲಿ ನಿಂತ ಹಾಗಿದ್ದವು. ಕೈಬೆರಳುಗಳು ನನ್ನವಲ್ಲ ಎಂಬಂತೆ ಮಡಿಲಲ್ಲಿ ಬಿದ್ದಿದ್ದವು. ಹೇಳದಿದ್ದರೆ ಮೂರ್ತಿಯ ಹೆಸರು ಅಚ್ಚಾಗುತ್ತದೆ. ಹೇಳಿದರೆ ಬಂದ್ ದಿನ ಅವರು ನಿಯಮ ಮುರಿದದ್ದು ಹೊರಬೀಳುತ್ತದೆ. ನಿಲ್ದಾಣ ಬಂದಾಗಲೂ ತೀರ್ಮಾನಿಸಿರಲಿಲ್ಲ.

ಕಾಲೇಜಿನ ತಮ್ಮ ಕೋಣೆಯಲ್ಲಿ ಹಾಲ್ದಾರ್ ಎದ್ದು ನಿಂತು ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಕೂತ್ಕೋ ಬೌಮಾ," ಎಂದರು. ತಮ್ಮ ವಿದ್ಯಾರ್ಥಿಗಳ ಹೆಂಡತಿಯರನ್ನೆಲ್ಲ ಅವರು ಸೊಸೆಯೆಂದೇ ಕರೆಯುತ್ತಿದ್ದರು. "ಚಹಾ ಹೇಳಿದೀನಿ. ಮೂರ್ತಿ ಲೆಕ್ಕದ ಹಾಳೆ ತೋರಿಸಿದಾಗಿನಿಂದ ಈ ಏಳನೆಯ ಸಾಲು ನನ್ನ ನಿದ್ದೆ ಕೆಡಿಸಿದೆ. ಎಷ್ಟು ಸ್ವಚ್ಛವಾಗಿದೆ. ಯಾರಿವರು?"

"ನಾನು," ಎಂದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. ಸೀಸೆ, ಬಂದ್, ಹುಬ್ಬು.

ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಹುಬ್ಬು," ಎಂದರು. "ಆ ಹುಬ್ಬು ನನಗೂ ಗೊತ್ತು. ಮೌಖಿಕ ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ರೆ ಬಾಯಿಗಿಂತ ಮೊದಲು ಅದು ಏಳೋದು." ನಕ್ಕರು, ನಿಲ್ಲಿಸಿದರು. "ಒಂದು ಕೇಳ್ತೀನಿ. ಎರಡು ಅಂದಾಗ ನಿನಗೆ ನಿಜವಾಗಿ ಎಷ್ಟು ನೋಯ್ತಾ ಇತ್ತು?"

"ನೆನಪಿಲ್ಲ ಸರ್. ಅವರ ಮುಖ ನೋಡ್ತಿದ್ದೆ."

"ಹಲ್ಲು ಕೀಳಿಸಿಕೊಂಡವರಿಗೆ ಮದ್ದು ಅಂತ ಹೇಳಿ ಉಪ್ಪುನೀರು ಕೊಟ್ಟು ನೋಡಿದಾರೆ. ಕೆಲವರಿಗೆ ನೋವು ಇಳೀತು. ತಡೆಯೋ ಮದ್ದು ಕೊಟ್ರು, ಮತ್ತೆ ಏರ್ತು. ಅಂದ್ರೆ ನಂಬಿಕೆಗೂ ಮೆದುಳು ಅದೇ ಅಫೀಮು ಸುರಿಸತ್ತೆ. ನೀನು ಸುಳ್ಳು ಹೇಳಿದ್ಯೋ, ಅವನ ಮುಖ ನೋಡಿ ನಿನಗೆ ನಿಜವಾಗಿಯೇ ನೋಯಲಿಲ್ಲವೋ, ನಾನು ಹೇಳಲಾರೆ. ನೀನೂ ಹೇಳಲಾರೆ."

"ಏಳನೆಯ ಸಾಲು?"

"ಹೊಡೆದು ಹಾಕಬೇಕು ಬೌಮಾ."

ಪೆನ್ನು ನನ್ನ ಕಡೆ ಸರಿಸಿದರು. ನಾನೇ ಗೆರೆ ಎಳೆದೆ. ಮೂರ್ತಿಯ ಅಕ್ಷರ ಗೆರೆಯಡಿಯಲ್ಲೂ ಕಾಣುತ್ತಿತ್ತು.

"ಇನ್ನು ಲೇಖನ ಇಲ್ಲ, ಅಲ್ವಾ?"

"ಹತ್ತು ಜನರ ಮೇಲೆ ನೋಡಿದೆವು, ಏನೂ ಖಚಿತವಿಲ್ಲ ಅಂತ ಅರ್ಧ ಪುಟ ಬರೀಬಹುದು. ಯಾರೂ ಅಚ್ಚು ಹಾಕಲ್ಲ. ಆದ್ರೂ ಬರೀತೀನಿ." ಚಹಾ ಬಂದು ತಣ್ಣಗಾಗಿತ್ತು. ಇಬ್ಬರೂ ಕುಡಿದೆವು.

ಅಲ್ಲಿಂದ ಟೆರೆಟ್ಟಿ ಬಜಾರಿಗೆ ನಡೆದೇ ಹೋದೆ. ಹಗಲು ಬೆಳಗಿನಷ್ಟೇ ಮಸುಕಾಗಿತ್ತು. ಲಿಯಾಂಗರ ಅಂಗಡಿಯೊಳಗೆ ಗೋಡೆ ತುಂಬ ಸಣ್ಣ ಸಣ್ಣ ಖಾನೆಗಳು, ಬೇರಿನ ವಾಸನೆ, ಮೈತುಂಬ ಚುಕ್ಕೆಗಳಿದ್ದ ಮನುಷ್ಯನ ಹಳೆಯ ಚಿತ್ರ. ಆ ಚುಕ್ಕೆಗಳನ್ನು ಸೇರಿಸುವ ಗೆರೆಗಳು ಊರೂರು ಸುತ್ತಿ ಬರುವ ಹೊಳೆಗಳಂತಿದ್ದವು. ಮೂರ್ತಿ ಬದುಕಿದ್ದಾಗ ಇದರ ಮುಂದೆ ನಿಂತು ಎಷ್ಟೋ ಸಲ ಜಗಳವಾಡಿದ್ದರಂತೆ.

ಸುದ್ದಿ ಅವರಿಗೆ ತಿಳಿದಿತ್ತು. ಎಪ್ಪತ್ತು ದಾಟಿದ ಮನುಷ್ಯ, ಹಿಂದಿ ಬಂಗಾಳಿ ಬೆರೆಸಿ ಮಾತಾಡುತ್ತಿದ್ದರು.

"ಬಾ ಬೇಟಿ. ಸೂಜಿ ಕೆಲಸ ಮಾಡ್ತಾ? ಬಂದು ಹೇಳ್ತೀನಿ ಅಂದಿದ್ದ ಅವನು."

"ಗೊತ್ತಾಗಲಿಲ್ಲ," ಎಂದೆ.

ಅವರು ತಲೆಯಾಡಿಸಿದರು. "ನಲವತ್ತು ವರ್ಷದಿಂದ ಚುಚ್ತಿದೀನಿ. ಕೆಲವರು ನಡ್ಕೊಂಡು ಹೋಗ್ತಾರೆ, ಕೆಲವರು ಬೈಕೊಂಡು ಹೋಗ್ತಾರೆ. ನಿನ್ನ ಗಂಡ ನನಗೊಂದು ಕೆಟ್ಟ ಚಾಳಿ ಕಲಿಸಿದ. ಈಗ ಬಂದವರನ್ನೆಲ್ಲ ಕೇಳ್ತೀನಿ, ಹತ್ತರಲ್ಲಿ ಎಷ್ಟು ಅಂತ. ಮೀನು ಮಾರೋಳು ಹನ್ನೆರಡು ಅಂತಾಳೆ."

ನನ್ನ ಸುಟ್ಟ ಬೆರಳು ನೋಡಿದರು. ಏನೂ ಕೇಳದೆ ನನ್ನ ಕೈ ಹಿಡಿದು, ಹೆಬ್ಬೆರಳು ತೋರುಬೆರಳುಗಳ ನಡುವೆ ತಮ್ಮ ಹೆಬ್ಬೆಟ್ಟಿನಿಂದ ಒತ್ತಿದರು. ಸೂಜಿಯಿಲ್ಲ, ಬರೀ ಹೆಬ್ಬೆಟ್ಟು.

"ಎಷ್ಟು?"

ಅವರ ಮುಖ ನೋಡಿದೆ. ಅಲ್ಲಿ ಏನೂ ಬರೆದಿರಲಿಲ್ಲ. ಹುಬ್ಬುಗಳು ಎಂದೋ ಉದುರಿಹೋಗಿದ್ದವು. ಅವರು ಕಾಯುತ್ತಿದ್ದರು, ಇಂಥದೇ ಉತ್ತರ ಬೇಕೆಂದಲ್ಲ. ಹೊರಗೆ ಯಾರೋ ಕೈಗಾಡಿ ಎಳೆದುಕೊಂಡು ಹೋದರು. ನಾನು ಕಣ್ಣು ಮುಚ್ಚಿ ಕೈಯೊಳಗೆ ಹುಡುಕಿದೆ. ಬಹಳ ದೂರದಲ್ಲಿ ಏನೋ ಇತ್ತು, ಭಾರವಾಗಿ, ನೀರಿನಡಿಯ ಟ್ರಾಮಿನ ಹಾಗೆ.

"ಒಂದು," ಎಂದೆ. ಇನ್ನೂ ಸ್ವಲ್ಪ ಹುಡುಕಿದೆ. "ಎರಡಿಲ್ಲ. ಒಂದು."

"ಒಂದು," ಎಂದು ಅವರೂ ಹೇಳಿ ಕೈ ಬಿಟ್ಟರು.

ಚೀಲದಿಂದ ಪೆಟ್ಟಿಗೆ ತೆಗೆದು ಅವರ ಮುಂದಿಟ್ಟೆ. ಅವರು ಮುಚ್ಚಳ ತೆರೆದು, ಒಂದೊಂದೇ ಸೂಜಿಯ ಮೊನೆಯನ್ನು ಹತ್ತಿಯ ಮೇಲೆ ಎಳೆದು ನೋಡಿದರು. ಕೊನೆಯದನ್ನು ಮೂಗಿನ ಹತ್ತಿರ ಹಿಡಿದರು.

"ಕಿತ್ತಳೆ," ಎಂದರು.

"ಹೌದು. ಅವರು ಅಭ್ಯಾಸ ಮಾಡ್ತಿದ್ದರು."

ಅವರು ಆ ಸೂಜಿಯನ್ನು ಒರೆಸಲಿಲ್ಲ. ಹಾಗೆಯೇ ಹನ್ನೆರಡನೆಯ ಜಾಗದಲ್ಲಿ ಮಲಗಿಸಿ, ಪೆಟ್ಟಿಗೆ ಮುಚ್ಚಿ, ಖಾನೆಯೊಳಗೆ ತಳ್ಳಿದರು.